ಬೇರೆ ಸಂಪ್ರದಾಯದ ಬೋಧಕರಲ್ಲಿ ಯಾರನ್ನು ಆರಿಸಿಕೊಳ್ಳುವುದು? ರಿಫಾರ್ಮ್ಡ್ ವಿಶ್ವಾಸಿಗಳಿಗೊಂದು ಹೋಲಿಕೆ

1538ರಲ್ಲಿ ಜಿನೀವಾದಿಂದ ಹೊರಹಾಕಲ್ಪಟ್ಟಿದ್ದ ಪ್ರೊಟೆಸ್ಟಂಟ್ ಸುಧಾರಕ ಜಾನ್ ಕ್ಯಾಲ್ವಿನ್ ಅವರನ್ನು 1541ರಲ್ಲಿ ಅದೇ ಊರಿನವರು ಮತ್ತೆ ಕರೆಸಿಕೊಂಡರು. ಅಂದು ಪ್ರಸಂಗಪೀಠ ಏರಿದ ಅವರು ಹಳೆಯ ಜಗಳವನ್ನು ಕೆದಕಲಿಲ್ಲ. ಮೂರು ವರ್ಷಗಳ ಹಿಂದೆ ಯಾವ ವಚನದಲ್ಲಿ ನಿಲ್ಲಿಸಿದ್ದರೋ ಅದರ ಮುಂದಿನ ವಚನದಿಂದ ವ್ಯಾಖ್ಯಾನವನ್ನು ಮುಂದುವರಿಸಿದರು. ಅವರ ಬೋಧನೆಯ ಪರಂಪರೆಗೆ ಸೇರಿದ ರಿಫಾರ್ಮ್ಡ್ ಸಭೆಗಳಲ್ಲಿ ಬೆಳೆದ ನಮ್ಮಂಥವರಿಗೆ ಈ ಘಟನೆ ಬಹಳ ಪ್ರಿಯವಾದದ್ದು, ಏಕೆಂದರೆ ನಮ್ಮ ಪೀಠದ ಸ್ವಭಾವವೆಲ್ಲ ಅದರಲ್ಲಿದೆ. ಆದರೆ ಇದೇ ಕ್ಯಾಲ್ವಿನ್ ಅವರು, ನಾಲ್ಕನೆಯ ಶತಮಾನದ ಪೂರ್ವದೇಶದ ಬಿಷಪ್ ಯೋಹಾನ ಕ್ರಿಸೊಸ್ತೊಮರ ಪ್ರಸಂಗಗಳನ್ನು ಜನಸಾಮಾನ್ಯರು ಓದುವ ಭಾಷೆಗೆ ತರಬೇಕೆಂದು ಯೋಚಿಸಿ, ಆ ಪ್ರಕಟಣೆಗಾಗಿ ಒಂದು ಮುನ್ನುಡಿಯನ್ನು ಬರೆದಿಟ್ಟಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಆ ಯೋಜನೆ ಕೈಗೂಡಲಿಲ್ಲವಾದರೂ ಮುನ್ನುಡಿ ಉಳಿದಿದೆ. ಮನುಷ್ಯನ ಸ್ವತಂತ್ರ ಚಿತ್ತವನ್ನು ಕ್ರಿಸೊಸ್ತೊಮರು ಅತಿಯಾಗಿ ಎತ್ತಿಹಿಡಿಯುತ್ತಾರೆಂದು ಅದರಲ್ಲಿ ಕ್ಯಾಲ್ವಿನ್ ಸ್ಪಷ್ಟವಾಗಿ ಹೇಳುತ್ತಾರೆ. ಹಾಗಿದ್ದೂ ವಾಕ್ಯದ ಸರಳಾರ್ಥವನ್ನು ಬಿಟ್ಟು ಅತ್ತಿತ್ತ ಸರಿಯದಿರುವುದರಲ್ಲಿ ಪ್ರಾಚೀನರಲ್ಲಿ ಅವರಿಗೆ ಸಮಾನರಿಲ್ಲವೆಂದು ಹೊಗಳುತ್ತಾರೆ. ದೋಷವನ್ನು ಮುಚ್ಚಿಡದೆ, ಗುಣವನ್ನು ಕಡಿಮೆ ಮಾಡದೆ, ಒಬ್ಬ ಬೋಧಕನನ್ನು ಮನಸಾರೆ ಆಸ್ವಾದಿಸಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಮಾದರಿ ನಮಗೆ ಬೇಕಿಲ್ಲ.

ಕನ್ನಡ ಕ್ರೈಸ್ತರಿಗಂತೂ ಈ ಬೆರಕೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಹಿಂದೆ ವುರ್ಟೆಂಬರ್ಗಿನ ಲೂಥರನ್ ಭಕ್ತರೂ ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಸಭೆಯವರೂ ಒಟ್ಟಾಗಿ ನಿಂತಿದ್ದರು. ಬಳ್ಳಾರಿಯಲ್ಲಿ ಲಂಡನ್ ಮಿಶನ್ ಸಂಸ್ಥೆಯೂ ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಶನ್ನೂ ದುಡಿದವು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಧಾರೆಗಳು ದಕ್ಷಿಣ ಭಾರತ ಸಭೆಯಾಗಿ ಒಂದುಗೂಡಿದವು. ನನ್ನ ತಾಯಿಯ ತವರಿನವರು ಹಾಡಿದ ಗೀತೆಗಳಲ್ಲಿ ಯಾವುದು ಮೆಥಡಿಸ್ಟರದು, ಯಾವುದು ಜರ್ಮನರದು ಎಂದು ಯಾರೂ ವಿಂಗಡಿಸಲಿಲ್ಲ. ಗೀತೆಗಳಿಗೆ ತೋರಿದ ಆ ಉದಾರತೆಯನ್ನು ನಾವು ಪ್ರಸಂಗಗಳಿಗೆ ತೋರಿಸಲು ಏಕೆ ಹಿಂಜರಿಯುತ್ತೇವೆಂಬುದು ನನ್ನನ್ನು ಬಹಳ ಕಾಲ ಕಾಡಿದ ಪ್ರಶ್ನೆ. ಮೆಥಡಿಸ್ಟ್ ಚಳವಳಿಯ ಮೂಲಪುರುಷ ಜಾನ್ ವೆಸ್ಲಿಯವರ ಪ್ರಸಂಗಗಳು ನನ್ನ ಕೈಯಲ್ಲಿರುವುದನ್ನು ಕಂಡು ಹಿರಿಯರೊಬ್ಬರು ಎಲ್ಲರೆದುರಿಗೆ ಗದರಿದಾಗ ನನಗೆ ನೋವಾಗಿತ್ತು. ಆದರೆ ಅವರ ಭಯ ಪೂರ್ತಿ ಆಧಾರವಿಲ್ಲದ್ದೆಂದು ಹೇಳಲಾರೆ. ಯಾರನ್ನು, ಯಾವ ಅಗತ್ಯಕ್ಕೆ, ಎಷ್ಟರಮಟ್ಟಿಗೆ ಎಂದು ತೂಗಿ ನೋಡದೆ ಕಿವಿಗೆ ಬಿದ್ದದ್ದನ್ನೆಲ್ಲ ಸ್ವೀಕರಿಸುವುದು ನಿಜಕ್ಕೂ ಅಪಾಯಕರ.

ಆರಿಸುವ ಮುನ್ನ

ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಬೇರೆ ಸಂಪ್ರದಾಯ ಎಂಬುದು ಒಂದು, ಬೇರೆ ಸುವಾರ್ತೆ ಎಂಬುದು ಇನ್ನೊಂದು. ಎಫೆಸಕ್ಕೆ ಬಂದ ಅಪೊಲ್ಲೋಸನು ವಾಕ್ಚಾತುರ್ಯವುಳ್ಳವನೂ ಶಾಸ್ತ್ರಗಳಲ್ಲಿ ಪ್ರವೀಣನೂ ಆಗಿದ್ದರೂ ಯೋಹಾನನ ದೀಕ್ಷಾಸ್ನಾನವನ್ನು ಮಾತ್ರ ಬಲ್ಲವನಾಗಿದ್ದನು. ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನ ಬಾಯಿ ಮುಚ್ಚಿಸದೆ ಮನೆಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಗಲಾತ್ಯದಲ್ಲಿ ಕ್ರಿಸ್ತನ ಜೊತೆಗೆ ಸುನ್ನತಿಯೂ ಬೇಕೆಂದವರ ವಿಷಯದಲ್ಲಾದರೋ ಪೌಲನು ಶಾಪದ ಮಾತನ್ನೇ ಆಡಿದನು. ಕಾಣಿಕೆ ಕೊಟ್ಟರೆ ಸಾಲ ತೀರುತ್ತದೆ, ವಿಶ್ವಾಸವಿದ್ದರೆ ರೋಗವೇ ಬರದು ಎಂದು ಮೊಬೈಲಿನ ಪರದೆಯಿಂದ ದಿನವೂ ಸಾರುವವರನ್ನು ನಾನು ಅಪೊಲ್ಲೋಸನ ಸಾಲಿನಲ್ಲಿ ಕೂರಿಸಲಾರೆ. ಅವರು ಈ ಹೋಲಿಕೆಗೆ ಸೇರುವುದಿಲ್ಲ. ಶಿಲುಬೆಯ ಮೇಲೆ ಸತ್ತು ಎದ್ದ ಕ್ರಿಸ್ತನಲ್ಲಿ ಪಾಪಿಗೆ ಕೃಪೆಯುಂಟೆಂದು ಸಾರಿ, ರಕ್ಷಣೆಗಾಗಿ ದೇವರು ಮಾಡುವ ಆಯ್ಕೆ, ದೀಕ್ಷಾಸ್ನಾನ, ಪವಿತ್ರೀಕರಣ, ಸಭೆಯ ಆಡಳಿತ ಮೊದಲಾದವುಗಳಲ್ಲಿ ನಮ್ಮಿಂದ ಭಿನ್ನವಾಗಿರುವವರ ಮಾತು ಇಲ್ಲಿಯದು.

ಎರಡನೆಯದಾಗಿ, ಭಿನ್ನತೆ ಎಷ್ಟು ದೊಡ್ಡದು ಎಂದು ಕೇಳುವುದಕ್ಕಿಂತ ಅದು ಎಲ್ಲಿದೆ ಎಂದು ಕೇಳುವುದು ಹೆಚ್ಚು ಪ್ರಯೋಜನಕರವೆಂದು ನನ್ನ ಅನುಭವ. ಕೆಲವರಲ್ಲಿ ಅದು ಬಾಳೆಯೆಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯಂತೆ ಬೇರೆಯಾಗಿ ಕಾಣುತ್ತದೆ. ಮುಟ್ಟದೆಯೂ ಊಟ ಮುಗಿಸಬಹುದು. ಇನ್ನು ಕೆಲವರಲ್ಲಿ ಅದು ಸಾರಿಗೆ ಬಿದ್ದ ಉಪ್ಪಿನಂತೆ ಪ್ರತಿ ತುತ್ತಿನಲ್ಲೂ ಇರುತ್ತದೆ. ಭಿನ್ನತೆ ದೊಡ್ಡದಿದ್ದರೂ ಬೇರೆಯಾಗಿ ಕಂಡರೆ ನಿಶ್ಚಿಂತೆಯಿಂದ ಕೇಳಬಹುದು. ಚಿಕ್ಕದಿದ್ದರೂ ಕರಗಿಹೋಗಿದ್ದರೆ ಹೆಚ್ಚು ಎಚ್ಚರ ಬೇಕು.

ಮೂರನೆಯ ಮಾತು ನಮ್ಮ ಕುರಿತದ್ದು. ನಮ್ಮ ಪೀಠ ಯಾವುದರಲ್ಲಿ ಬಡವಾಗಿದೆ ಎಂದು ಪ್ರಾಮಾಣಿಕವಾಗಿ ನೋಡಿಕೊಳ್ಳದೆ ಆರಿಸಿದರೆ, ನಮ್ಮವರೇ ಹೇಳಿದ್ದನ್ನು ಬೇರೆ ದನಿಯಲ್ಲಿ ಕೇಳಿದಂತಾಗುತ್ತದೆ ಅಷ್ಟೆ. ವಚನದ ಕ್ರಮಬದ್ಧ ವಿವರಣೆ, ದೇವರ ಸಾರ್ವಭೌಮತ್ವ, ನೀತಿವಂತರೆಂದು ಎಣಿಸಲ್ಪಡುವ ಸಿದ್ಧಾಂತ, ಇವು ನಮ್ಮಲ್ಲಿ ಸಮೃದ್ಧವಾಗಿವೆ. ಆದರೆ ಹಣದ ವಿಷಯದಲ್ಲಿ ಎದುರಿಗೆ ಕುಳಿತವರನ್ನು ನೇರವಾಗಿ ಕೇಳುವುದು, ಕ್ರಿಸ್ತನ ಮೇಲಿನ ಪ್ರೀತಿಯನ್ನು ಸಂಕೋಚವಿಲ್ಲದೆ ಬಾಯಿಬಿಟ್ಟು ಹೇಳುವುದು, ಸಂಕಟದ ಮಧ್ಯೆ ನಿಂತು ಮಾತಾಡುವುದು, ಕೇಳುಗನನ್ನು ಇಂದೇ ನಿರ್ಧಾರಕ್ಕೆ ಕರೆಯುವುದು, ಇವುಗಳಲ್ಲಿ ನಾನು ಕೇಳಿದ ಅನೇಕ ಪ್ರಸಂಗಗಳು ಸೊರಗಿವೆ.

ಕ್ರಿಸೊಸ್ತೊಮರೋ ಬರ್ನಾರ್ಡರೋ

ಹಳೆಯ ಸಭೆಯ ದನಿ ಬೇಕೆನ್ನುವವರ ಮುಂದೆ ಸಾಮಾನ್ಯವಾಗಿ ನಾನು ಈ ಇಬ್ಬರನ್ನು ಇಡುತ್ತೇನೆ. ಅಂತಿಯೋಕ್ಯದಲ್ಲಿ ಪ್ರಸಂಗಿಸಿ, 398ರಲ್ಲಿ ಕಾನ್‌ಸ್ಟಾಂಟಿನೋಪಲಿನ ಬಿಷಪ್ಪರಾಗಿ, ಅರಮನೆಯ ಮುನಿಸಿಗೆ ಗುರಿಯಾಗಿ, 407ರಲ್ಲಿ ದೇಶಭ್ರಷ್ಟರಾಗಿಯೇ ತೀರಿಕೊಂಡ ಕ್ರಿಸೊಸ್ತೊಮರ ಹೆಸರಿಗೆ ‘ಹೊನ್ನ ಬಾಯಿಯವನು’ ಎಂದರ್ಥ. ಮತ್ತಾಯನ ಸುವಾರ್ತೆಯ ಮೇಲೆ 90, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ 32 ಪ್ರಸಂಗಗಳು ಉಳಿದುಬಂದಿವೆ. ಪುಸ್ತಕದಿಂದ ಪುಸ್ತಕಕ್ಕೆ, ಭಾಗದಿಂದ ಭಾಗಕ್ಕೆ ಸಾಗುವ ಅವರ ಕ್ರಮ ನಮಗೆ ಮನೆಯಂತೆಯೇ ಇರುತ್ತದೆ. ಹೊಸದು ಬರುವುದು ವಿವರಣೆ ಮುಗಿದ ಮೇಲೆ. ಮತ್ತಾಯನ ಮೇಲಿನ ಐವತ್ತನೆಯ ಪ್ರಸಂಗದಲ್ಲಿ, ಕ್ರಿಸ್ತನ ಮೇಜಿನ ಮೇಲೆ ಬಂಗಾರದ ಪಾತ್ರೆಗಳನ್ನು ಜೋಡಿಸಿ, ಹೊರಗೆ ಹಸಿವಿನಿಂದ ಸಾಯುತ್ತಿರುವ ಅದೇ ಕ್ರಿಸ್ತನನ್ನು ಮರೆತರೆ ಏನು ಬಂತೆಂದು ಕೇಳುತ್ತಾರೆ. ಐಶ್ವರ್ಯವಂತ ಮತ್ತು ಲಾಜರನ ಸಾಮ್ಯದ ಮೇಲಿನ ಪ್ರಸಂಗಗಳಲ್ಲಿ, ಇದ್ದದ್ದನ್ನು ಬಡವರಿಗೆ ಹಂಚದಿರುವುದೂ ಕಳ್ಳತನವೇ ಎನ್ನುತ್ತಾರೆ. ಕೇಳಿದವರು ಚಪ್ಪಾಳೆ ತಟ್ಟಿದಾಗ, ಚಪ್ಪಾಳೆ ಬೇಡ, ಹೇಳಿದಂತೆ ನಡೆಯಿರಿ ಎಂದು ಗದರಿದ್ದೂ ಉಂಟು.

ಹನ್ನೆರಡನೆಯ ಶತಮಾನದ ಫ್ರಾನ್ಸಿನ ಮಠಾಧಿಪತಿ ಬರ್ನಾರ್ಡರದು ಬೇರೆಯೇ ಲೋಕ. 1135ರಲ್ಲಿ ಕ್ಲೇರ್ವೋ ಮಠದ ಸನ್ಯಾಸಿಗಳಿಗಾಗಿ ಪರಮಗೀತೆಯ ಮೇಲೆ ಆರಂಭಿಸಿದ ಪ್ರಸಂಗಮಾಲೆ 1153ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ 86 ಪ್ರಸಂಗಗಳಾಗಿದ್ದರೂ ಮೂರನೆಯ ಅಧ್ಯಾಯದ ಮೊದಲ ವಚನವನ್ನು ದಾಟಿರಲಿಲ್ಲ. ಸರಳಾರ್ಥಕ್ಕೆ ಒಗ್ಗಿದ ನಮ್ಮ ಕಿವಿಗೆ ಈ ರೂಪಕದ ಓದು ಮೊದಲು ದಣಿವು ತರುತ್ತದೆ. ಆದರೆ ಕ್ರಿಸ್ತನ ಗಾಯಗಳಲ್ಲದೆ ಬಲಹೀನನಿಗೆ ಬೇರೆ ಆಶ್ರಯವಿಲ್ಲ, ನನ್ನ ಪುಣ್ಯವೆಂದರೆ ಕರ್ತನ ಕರುಣೆಯೇ ಎಂದು ಅವರು ಅರವತ್ತೊಂದನೆಯ ಪ್ರಸಂಗದಲ್ಲಿ ಹೇಳುವುದನ್ನು ಕ್ಯಾಲ್ವಿನ್ ತಮ್ಮ ಮುಖ್ಯ ಕೃತಿಯಲ್ಲೇ ಸಾಕ್ಷಿಯಾಗಿ ತಂದುಕೊಂಡಿದ್ದಾರೆ. ಸಿದ್ಧಾಂತ ತಲೆಯಲ್ಲಿ ಸರಿಯಾಗಿದ್ದು ಎದೆ ಒಣಗಿದೆ ಎನ್ನಿಸಿದಾಗ ಓದಬೇಕಾದವರು ಇವರು.

ಇಬ್ಬರಲ್ಲೂ ಕಪ್ಪು ಪುಟಗಳಿವೆ, ಅವನ್ನು ತಿಳಿದೇ ಹತ್ತಿರ ಹೋಗಬೇಕು. 386–387ರಲ್ಲಿ ಕ್ರಿಸೊಸ್ತೊಮರು ಯೆಹೂದಿ ಹಬ್ಬಗಳಿಗೆ ಹೋಗುತ್ತಿದ್ದ ಕ್ರೈಸ್ತರನ್ನು ತಡೆಯಲು ಮಾಡಿದ ಎಂಟು ಪ್ರಸಂಗಗಳಲ್ಲಿ ಯೆಹೂದ್ಯರ ಬಗ್ಗೆ ಆಡಿದ ಮಾತುಗಳು ಕ್ಷಮೆಗೆ ಅರ್ಹವಲ್ಲದಷ್ಟು ಕಠೋರವಾಗಿವೆ, ನಂತರದ ಶತಮಾನಗಳಲ್ಲಿ ದ್ವೇಷಿಗಳು ಅವನ್ನು ಬಳಸಿಕೊಂಡರು. ಬರ್ನಾರ್ಡರು 1146ರಲ್ಲಿ ವೆಜ಼ಲೇಯಲ್ಲಿ ಎರಡನೆಯ ಕ್ರುಸೇಡ್ ಎಂಬ ಧರ್ಮಯುದ್ಧಕ್ಕೆ ಜನರನ್ನು ಹುರಿದುಂಬಿಸಿದರು. ಇಂಥ ಕಡೆ ಸಂಪ್ರದಾಯದ ಭೇದ ಮುಖ್ಯವಲ್ಲ. ನಮ್ಮದೇ ಪರಂಪರೆಯ ಹಿರಿಯರೂ ಇಂಥ ಪಾಪಗಳಿಂದ ಹೊರತಾದವರಲ್ಲ. ನನ್ನ ತೀರ್ಮಾನ ಕೇಳಿದರೆ, ಮೊದಲು ಕ್ರಿಸೊಸ್ತೊಮರು, ಅವರು ಅಭ್ಯಾಸವಾದ ಮೇಲೆ ಬರ್ನಾರ್ಡರು.

ವೆಸ್ಲಿಯವರ ವಿಷಯ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನಮ್ಮವರು ಅತಿ ಹೆಚ್ಚು ದೂರವಿಟ್ಟಿರುವುದೂ ಅತಿ ಸುಲಭವಾಗಿ ಆಸ್ವಾದಿಸಬಹುದಾಗಿರುವುದೂ ಜಾನ್ ವೆಸ್ಲಿಯವರನ್ನು (1703–1791). 1739ರಲ್ಲಿ ಬ್ರಿಸ್ಟಲಿನಲ್ಲಿ ಅವರು ಪೂರ್ವನೇಮಕದ ಸಿದ್ಧಾಂತವನ್ನು, ಅಂದರೆ ಯಾರಿಗೆ ರಕ್ಷಣೆಯೆಂದು ದೇವರು ಮೊದಲೇ ನಿರ್ಣಯಿಸಿದ್ದಾನೆಂಬ ಬೋಧನೆಯನ್ನು, ಖಂಡಿಸಿ ಮಾಡಿದ ಪ್ರಸಂಗ, ಅದನ್ನು ನಂಬಿದ್ದ ಅವರ ಗೆಳೆಯ, ಬೋಧಕ ಜಾರ್ಜ್ ವೈಟ್‌ಫೀಲ್ಡ್ ಅವರನ್ನು ಗಾಯಗೊಳಿಸಿತು. ವೈಟ್‌ಫೀಲ್ಡರು 1740ರ ಡಿಸೆಂಬರಿನಲ್ಲಿ ಅದಕ್ಕೆ ಉತ್ತರ ಬರೆದರು, ಪುನರುಜ್ಜೀವನ ಚಳವಳಿ ಎರಡಾಯಿತು. ಈ ಇತಿಹಾಸವನ್ನು ಬಲ್ಲ ರಿಫಾರ್ಮ್ಡ್ ಓದುಗ ವೆಸ್ಲಿಯವರ ಪ್ರತಿ ಪುಟದಲ್ಲೂ ಜಗಳವನ್ನೇ ನಿರೀಕ್ಷಿಸುತ್ತಾನೆ. ವಾಸ್ತವ ಹಾಗಿಲ್ಲ. ಅವರ ಭಿನ್ನತೆ ಎಲೆಯ ತುದಿಯ ಉಪ್ಪಿನಕಾಯಿ. ಪೂರ್ವನೇಮಕವನ್ನು ಕುರಿತ ಆ ಪ್ರಸಂಗ ಮತ್ತು ಈ ಲೋಕದಲ್ಲೇ ಕ್ರೈಸ್ತನು ಪ್ರೀತಿಯಲ್ಲಿ ಪರಿಪೂರ್ಣನಾಗಬಹುದೆಂಬ ಬೋಧನೆಯ ಕೆಲವು ಪ್ರಸಂಗಗಳನ್ನು ಬದಿಗಿಟ್ಟರೆ, ಉಳಿದ ಸಂಗ್ರಹದ ಹೆಚ್ಚಿನ ಪಾಲು ನಮ್ಮ ಪೀಠದಿಂದಲೂ ಕೇಳಿಸಬಹುದಾದದ್ದು. ನೀತೀಕರಣದ, ಅಂದರೆ ದೇವರು ಪಾಪಿಯನ್ನು ನೀತಿವಂತನೆಂದು ಎಣಿಸುವ ವಿಷಯದಲ್ಲಿ ತನಗೂ ಕ್ಯಾಲ್ವಿನರಿಗೂ ಕೂದಲೆಳೆಯಷ್ಟೂ ಅಂತರವಿಲ್ಲವೆಂದು 1765ರಲ್ಲಿ ಅವರೇ ಜಾನ್ ನ್ಯೂಟನ್ ಅವರಿಗೆ ಪತ್ರ ಬರೆದಿದ್ದಾರೆ. ಆ ನ್ಯೂಟನ್ ಕ್ಯಾಲ್ವಿನ್ ಪಕ್ಷದವರೇ.

ಎಲ್ಲಿಂದ ಆರಂಭಿಸಬೇಕೆಂದರೆ, 1738ರ ಜೂನ್ 11ರಂದು ಆಕ್ಸ್‌ಫರ್ಡಿನ ಸೇಂಟ್ ಮೇರಿ ಚರ್ಚಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 2:8ರ ಮೇಲೆ, ವಿಶ್ವಾಸದಿಂದ ರಕ್ಷಣೆ ಎಂಬ ವಿಷಯವಾಗಿ ಅವರು ಮಾಡಿದ ಪ್ರಸಂಗದಿಂದ. ಅದಕ್ಕೆ ಹದಿನೆಂಟು ದಿನಗಳ ಹಿಂದೆಯಷ್ಟೇ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ ಅವರ ಹೃದಯ ಬೆಚ್ಚಗಾಗಿತ್ತು. ಇಂಗ್ಲಿಷ್ ಪಾದ್ರಿಯೊಬ್ಬರಿಗೆ ಜರ್ಮನ್ ಸುಧಾರಕನ ಮಾತು ಹೀಗೆ ಜೀವ ಕೊಟ್ಟಿತೆಂಬುದು ನಮ್ಮ ವಿಷಯಕ್ಕೇ ಒಂದು ದೃಷ್ಟಾಂತ. ಆಮೇಲೆ ಲೂಕ 16:9ರ ಮೇಲೆ ಹಣದ ಬಳಕೆಯನ್ನು ಕುರಿತ ಪ್ರಸಂಗವನ್ನು ಓದಬೇಕು: ನ್ಯಾಯವಾಗಿ ಸಾಧ್ಯವಿದ್ದಷ್ಟು ಗಳಿಸು, ಸಾಧ್ಯವಿದ್ದಷ್ಟು ಉಳಿಸು, ಸಾಧ್ಯವಿದ್ದಷ್ಟು ಕೊಡು. ತಮ್ಮ ಜನ ಮೊದಲೆರಡನ್ನು ಪಾಲಿಸಿ ಮೂರನೆಯದನ್ನು ಕೈಬಿಟ್ಟರೆಂಬ ದುಃಖ ಅವರ ಮುಪ್ಪಿನ ಪ್ರಸಂಗಗಳಲ್ಲಿ ಮರುಕಳಿಸುತ್ತದೆ. ಸಂಬಳ, ಸೈಟು, ಮನೆಸಾಲಗಳ ಲೆಕ್ಕದಲ್ಲಿ ಮುಳುಗಿರುವ ಬೆಂಗಳೂರಿನ ನಮ್ಮಂಥ ಸಭೆಗಳಿಗೆ ಇದರ ಅಗತ್ಯ ಎಷ್ಟಿದೆಯೆಂದು ನಾನು ಹೇಳಬೇಕಾಗಿಲ್ಲ.

ವೈಟ್‌ಫೀಲ್ಡರು 1770ರ ಸೆಪ್ಟೆಂಬರ್ 30ರಂದು ಅಮೆರಿಕದ ನ್ಯೂಬರಿಪೋರ್ಟಿನಲ್ಲಿ ತೀರಿಕೊಂಡಾಗ, ಲಂಡನ್ನಿನಲ್ಲಿ ಸ್ಮರಣೆಯ ಪ್ರಸಂಗವನ್ನು ಮಾಡಿದವರು ವೆಸ್ಲಿಯವರೇ. ಮುಖ್ಯವಲ್ಲದ ವಿಷಯಗಳಲ್ಲಿ ನಾವೂ ಯೋಚಿಸೋಣ, ಇತರರಿಗೂ ಯೋಚಿಸಲು ಬಿಡೋಣ, ಆದರೆ ಮುಖ್ಯವಾದವನ್ನು ಬಿಗಿಯಾಗಿ ಹಿಡಿಯೋಣ ಎಂಬ ಅರ್ಥದ ಮಾತು ಅದರಲ್ಲಿದೆ. ಆಯ್ಕೆಯ ಸಿದ್ಧಾಂತ ಮುಖ್ಯವಲ್ಲದ್ದೆಂದು ನಾನು ಒಪ್ಪಲಾರೆ. ಆದರೂ ಆ ಪ್ರಸಂಗವನ್ನು ಕಣ್ಣು ಒದ್ದೆಯಾಗದೆ ಓದಲು ನನಗೆ ಆಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಬ್ಯಾಪ್ಟಿಸ್ಟ್ ಬೋಧಕರೂ ದೃಢ ಕ್ಯಾಲ್ವಿನಿಸ್ಟರೂ ಆಗಿದ್ದ ಸ್ಪರ್ಜನ್ನರು, ವೆಸ್ಲಿಯವರ ಅನೇಕ ಬೋಧನೆಗಳನ್ನು ತಾನು ಒಪ್ಪದಿದ್ದರೂ, ಹನ್ನೆರಡು ಅಪೊಸ್ತಲರಿಗೆ ಇನ್ನಿಬ್ಬರನ್ನು ಸೇರಿಸಬೇಕಾಗಿ ಬಂದರೆ ವೈಟ್‌ಫೀಲ್ಡ್ ಮತ್ತು ವೆಸ್ಲಿಯವರಿಗಿಂತ ಯೋಗ್ಯರು ಸಿಗಲಾರರೆಂದು ಬರೆದರು.

ಹತ್ತಿರದ ಕಾಲದವರು

ಲೂಥರನ್ ಬೋಧಕ ಹೆಲ್ಮುಟ್ ಥೀಲಿಕೆ (1908–1986) ಅವರನ್ನು ನಾತ್ಸಿ ಆಡಳಿತ 1940ರಲ್ಲಿ ಹೈಡಲ್‌ಬರ್ಗಿನ ಅಧ್ಯಾಪಕ ಹುದ್ದೆಯಿಂದ ತೆಗೆದುಹಾಕಿತು. ಯುದ್ಧದ ಕೊನೆಯ ವರ್ಷಗಳಲ್ಲಿ ಅವರು ಸ್ಟುಟ್‌ಗಾರ್ಟಿನಲ್ಲಿ ಕರ್ತನ ಪ್ರಾರ್ಥನೆಯ ಮೇಲೆ ಸಾಲಾಗಿ ಪ್ರಸಂಗಿಸಿದರು. ಮಾಲೆ ಮುಗಿಯುವ ಮೊದಲೇ ಚರ್ಚು ಬಾಂಬಿಗೆ ನಾಶವಾಗಿ ಬೇರೆಡೆ ಸೇರಬೇಕಾಯಿತು. ‘ನಿನ್ನ ರಾಜ್ಯವು ಬರಲಿ’ ಎಂಬ ಬೇಡಿಕೆಯನ್ನು ಸುಟ್ಟ ಊರಿನ ನಡುವೆ ನಿಂತು ವಿವರಿಸಿದವರ ಮಾತು ಸಾವಿನ ಮನೆಯಲ್ಲೂ ನಿಲ್ಲುತ್ತದೆ. ಎಚ್ಚರ ಬೇಕಾದದ್ದು ಸತ್ಯವೇದದ ಬಗೆಗಿನ ಅವರ ವಿಮರ್ಶಾತ್ಮಕ ನಿಲುವಿನಲ್ಲಿ. ಅದು ಪ್ರಸಂಗಗಳಿಗಿಂತ ಅವರ ಪಾಂಡಿತ್ಯದ ಬರಹಗಳಲ್ಲಿ ಹೆಚ್ಚು ಕಾಣುತ್ತದೆ. ಪ್ರಸಂಗಕಾರರು ಸ್ಪರ್ಜನ್ನರಿಂದ ಕಲಿಯಬೇಕೆಂದು ಈ ಲೂಥರನ್ ಪಂಡಿತ ಒಂದು ಪುಸ್ತಕವನ್ನೇ ಬರೆದರು. ನಾವು ಬೇಲಿಯಾಚೆ ನೋಡುವಂತೆ ಆಚೆಯವರೂ ನಮ್ಮತ್ತ ನೋಡಿದ್ದಾರೆ.

ಎ. ಡಬ್ಲ್ಯು. ಟೋಜ಼ರ್ (1897–1963) ದೇವಶಾಸ್ತ್ರದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. 1928ರಿಂದ 1959ರವರೆಗೆ ಷಿಕಾಗೋದ ಅಲಯನ್ಸ್ ಸಭೆಯೊಂದರ ಪಾಲಕರಾಗಿದ್ದರು. ದೇವರ ಗುಣಲಕ್ಷಣಗಳ ಮೇಲಿನ ಅವರ ಪ್ರಸಂಗಗಳು ಧ್ವನಿಮುದ್ರಿಕೆಯಲ್ಲೂ ಸಿಗುತ್ತವೆ, ನಮ್ಮವರಿಗೆ ತಟ್ಟನೆ ಹಿಡಿಸುತ್ತವೆ. ಆ ಸುಲಭತೆಯೇ ಎಚ್ಚರಕ್ಕೆ ಕಾರಣ. ದೇವರ ಸಾರ್ವಭೌಮತ್ವವನ್ನು ಅವರು ಗಂಭೀರವಾಗಿ ಸಾರುತ್ತಾರೆ, ಆದರೆ ನ್ಯೂಯಾರ್ಕಿನಿಂದ ಲಿವರ್‌ಪೂಲಿಗೆ ಹೊರಟ ಹಡಗಿನಲ್ಲಿ ಪ್ರಯಾಣಿಕರು ತಮಗೆ ಬೇಕಾದಂತೆ ಓಡಾಡುವ ಹೋಲಿಕೆಯಿಂದ ಮನುಷ್ಯಚಿತ್ತದ ಸ್ವಾತಂತ್ರ್ಯವನ್ನೂ ಅದರೊಳಗೆ ಸೇರಿಸುತ್ತಾರೆ. ಇಲ್ಲಿ ಭಿನ್ನತೆ ಸಾರಿನ ಉಪ್ಪು. ಇನ್ನೊಂದು ಅಪಾಯ ಕೇಳುಗನದು: ಸಭೆಯ ಲೌಕಿಕತೆಯನ್ನು ಅವರು ಖಂಡಿಸುವಾಗ ಆ ಪೆಟ್ಟು ಪಕ್ಕದ ಸಭೆಗೆಂದು ಭಾವಿಸಿ ಒಳಗೊಳಗೇ ಸಂತೋಷಪಡುವುದು.

ಸಾಧು ಸುಂದರ್ ಸಿಂಗರನ್ನು (1889ರಲ್ಲಿ ಹುಟ್ಟಿ, 1929ರಲ್ಲಿ ಟಿಬೆಟ್ಟಿನ ದಾರಿ ಹಿಡಿದವರು ಮರಳಲಿಲ್ಲ) ನಮ್ಮ ನೆಲದವರೆಂಬ ಪ್ರೀತಿಯಿಂದ ಬಹಳ ಮಂದಿ ಓದುತ್ತಾರೆ. ದೃಷ್ಟಾಂತದಲ್ಲಿ ಮಾತಾಡುವ ಅವರ ಶಕ್ತಿ ಅಪಾರ, ಕಷ್ಟಾನುಭವದಲ್ಲಿ ಕ್ರಿಸ್ತನ ಸಾನ್ನಿಧ್ಯವನ್ನು ಕುರಿತ ಮಾತು ಬದುಕಿ ತೋರಿಸಿದ್ದು. ಆದರೆ ಆತ್ಮಲೋಕದ ದರ್ಶನಗಳಿಂದ ಅವರು ಪಡೆದ ಬೋಧನೆಯನ್ನು ವಾಕ್ಯದ ಸಮಕ್ಕೆ ಇಡುವಂತಿಲ್ಲ, ದರ್ಶನ ಎಲ್ಲಿ ಮುಗಿಯಿತು, ವಾಕ್ಯ ಎಲ್ಲಿ ಆರಂಭವಾಯಿತು ಎಂದು ಹೊಸಬರಿಗೆ ತಿಳಿಯುವುದೂ ಕಷ್ಟ. ಟೋಜ಼ರ್ ಮತ್ತು ಸುಂದರ್ ಸಿಂಗರ ನಡುವೆ ಒಬ್ಬರನ್ನೇ ಆರಿಸಬೇಕಾದರೆ, ಬೇರೂರಿದ ವಿಶ್ವಾಸಿಗೆ ಇಬ್ಬರೂ ಸರಿ, ಹೊಸದಾಗಿ ನಂಬಿದವರಿಗೆ ಟೋಜ಼ರ್.

ಪ್ರಸಂಗವನ್ನು ಓದುವುದಕ್ಕಿಂತ ಕೇಳುವುದೇ ಇಷ್ಟವೆನ್ನುವವರು, 1948ರಿಂದ 1990ರವರೆಗೆ ಬ್ರೂಕ್ಲಿನ್ನಿನ ಕಾನ್ಕಾರ್ಡ್ ಬ್ಯಾಪ್ಟಿಸ್ಟ್ ಸಭೆಯ ಪಾಲಕರಾಗಿದ್ದ ಗಾರ್ಡ್ನರ್ ಟೇಲರ್ ಅವರ ಧ್ವನಿಮುದ್ರಣಗಳನ್ನು ಹುಡುಕಬೇಕು. ಆಫ್ರಿಕನ್ ಅಮೆರಿಕನ್ ಸಭೆಗಳಲ್ಲಿ ಪ್ರಸಂಗವು ತಗ್ಗಿದ ದನಿಯಲ್ಲಿ ಹೊರಟು, ಕೇಳುಗರ ಉತ್ತರವನ್ನು ಜೊತೆಗೂಡಿಸಿಕೊಂಡು, ಶಿಲುಬೆಯ ಬಳಿ ಹಾಡಿನಂತೆ ಏರುವ ಬಗೆ ಕಾಗದದ ಮೇಲೆ ಬರುವುದಿಲ್ಲ.

ಕೇಳುವ ಕ್ರಮ

ಒಮ್ಮೆಗೆ ಒಬ್ಬರು ಸಾಕು, ಕನಿಷ್ಠ ಎರಡು ಮೂರು ತಿಂಗಳು. ನಿಮ್ಮ ಸಭಾಪಾಲಕರು ಈಗಾಗಲೇ ವಿವರಿಸಿರುವ ಭಾಗದ ಮೇಲಿನ ಪ್ರಸಂಗವನ್ನೇ ಮೊದಲು ಆರಿಸಿಕೊಂಡರೆ, ವ್ಯತ್ಯಾಸ ಎಲ್ಲಿದೆಯೆಂಬುದು ತಾನಾಗಿ ಕಾಣುತ್ತದೆ. ಪೌಲನ ಮಾತನ್ನೂ ಶಾಸ್ತ್ರಗಳಲ್ಲಿ ಪರೀಕ್ಷಿಸಿ ನೋಡಿದ ಬೆರೋಯದವರಂತೆ ಸತ್ಯವೇದ ತೆರೆದಿರಲಿ. ಆದರೆ ಮೊದಲ ಸಲ ಕೇಳುವಾಗ ಪೆನ್ನು ಹಿಡಿದು ತಪ್ಪುಗಳನ್ನು ಗುರುತಿಸುತ್ತ ಕೂರಬೇಡಿ. ಪೂರ್ತಿ ಕೇಳಿ, ದೇವರಿಗೆ ಸ್ತೋತ್ರ ಹೇಳಿ, ಎರಡನೆಯ ಸಲಕ್ಕೆ ಪರಿಶೋಧನೆ ಇಟ್ಟುಕೊಳ್ಳಿ. ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿರೆಂದು ಥೆಸಲೊನೀಕದವರಿಗೆ ಬರೆದ ಪೌಲನು, ಅದಕ್ಕೆ ಮುಂಚಿನ ವಚನದಲ್ಲೇ ಪ್ರವಾದನೆಗಳನ್ನು ಹೀನೈಸಬೇಡಿರೆಂದೂ ಹೇಳಿದ್ದಾನೆ. ನಾವು ಎರಡನೆಯದನ್ನು ಮರೆತು ಮೊದಲನೆಯದನ್ನು ಮಾತ್ರ ಕಂಠಪಾಠ ಮಾಡಿದ್ದೇವೆ. ಮನೆಯಲ್ಲಿ ಮಕ್ಕಳಿದ್ದರೆ ಅವರ ಜೊತೆ ಕೇಳಿ, ಇವರು ನಮ್ಮಿಂದ ಎಲ್ಲಿ ಬೇರೆ ಎಂದು ಪ್ರೀತಿಯಿಂದ ವಿವರಿಸಿ. ಭಾನುವಾರದ ಆರಾಧನೆಗೆ ಮಾತ್ರ ಇವರು ಬದಲಿಯಲ್ಲ. ನಿಮ್ಮನ್ನು ಹೆಸರಿಟ್ಟು ಬಲ್ಲ ಪಾಲಕರ ಸಾಧಾರಣ ಪ್ರಸಂಗವೂ ಹೊನ್ನ ಬಾಯಿಯವನ ಮುದ್ರಿತ ಪ್ರಸಂಗಕ್ಕಿಂತ ಹೆಚ್ಚು ನಿಮ್ಮದು.

ಎಲ್ಲಿಂದ ಹೊರಡಬೇಕೆಂದು ಇನ್ನೂ ಅನುಮಾನವಿರುವವರಿಗೆ ಮತ್ತಾಯನ ಮೇಲಿನ ಐವತ್ತನೆಯ ಪ್ರಸಂಗವನ್ನೇ ಸೂಚಿಸುತ್ತೇನೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ, ವಾಕ್ಯಗಳು ಉದ್ದವಾಗಿರುವುದರಿಂದ ಗಟ್ಟಿಯಾಗಿ ಓದಿಕೊಂಡರೆ ಒಳ್ಳೆಯದು. ಪೇತ್ರನು ನೀರಿನ ಮೇಲೆ ನಡೆದ ಕಥೆಯ ವಿವರಣೆ ಮುಗಿದಾಗ ಪ್ರಸಂಗವೂ ಮುಗಿಯಿತೆಂದು ಪುಸ್ತಕ ಮುಚ್ಚಬೇಡಿ. ಕ್ರಿಸೊಸ್ತೊಮರು ಬಡವರ ಮಾತನ್ನು ಎತ್ತುವುದು ಅದಾದ ಮೇಲೆ.